ಹಳೇ ಮನೆಯ ‘ಇಂಗ್ಲಿಷ್ ಬೆಳ್ಳಿ’ ಟೀಪಾಟ್ ಅಸಲಿಯೋ, ಲೇಪದ್ದೋ?

ಕುಂಬಳೆ ಕಡೆಯ ಮನೆಯ ಅಟ್ಟದಲ್ಲಿ ಸಿಕ್ಕ ಟೀಪಾಟ್ ನಿಜವಾದ ಬೆಳ್ಳಿಯೇ, ಬ್ರಿಟಿಷರ ಕಾಲದಲ್ಲಿ ಇಂಥದ್ದಕ್ಕೆ ಅಷ್ಟು ಬೆಲೆ ಏಕಿತ್ತು ಎಂದು ಕೇಳಿದ್ದೀರಿ.

ಮೊದಲು ತಳ ತಿರುಗಿಸಿ ಭೂತಗನ್ನಡಿ ಹಿಡಿಯಿರಿ. ನಡೆಯುವ ಸಿಂಹದ ಮುದ್ರೆ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ 92.5% ಬೆಳ್ಳಿ. ಪಕ್ಕದ ಗುರುತು ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಊರಿನದು: ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ‘ಇಪಿಎನ್ಎಸ್’ (EPNS) ಅಂತಿದ್ದರೆ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹದ ಮೇಲೆ ಬೆಳ್ಳಿಯ ತೆಳು ಲೇಪ, ಅಷ್ಟೇ. ಹಿಡಿಯ ಬುಡ, ಮೂತಿಯ ಅಂಚು ನೋಡಿ. ಲೇಪ ಸವೆದು ಒಳಲೋಹ ಇಣುಕುವುದು ಅಲ್ಲೇ. ಮುದ್ರೆಯೇ ಇಲ್ಲದಿದ್ದರೆ ನಕಲಿ ಎನ್ನಬೇಡಿ: ಊರಿನ ಅಕ್ಕಸಾಲಿಗರು 91.7% ಬೆಳ್ಳಿಯ ರೂಪಾಯಿ ನಾಣ್ಯ ಕರಗಿಸಿಯೂ ಪಾತ್ರೆ ಮಾಡುತ್ತಿದ್ದರು.

1840ರಲ್ಲಿ ಇಂಗ್ಲೆಂಡಿನ ಉದ್ಯಮಿ ಎಲ್ಕಿಂಗ್ಟನ್ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಹೊಳಪು ಅಗ್ಗವಾಯಿತು. ಸಿರಿವಂತಿಕೆ ತೂಕದಲ್ಲಿ ಉಳಿಯಿತು. ಆಗಿನ ಒಂದು ಬೆಳ್ಳಿ ರೂಪಾಯಿ ನಾಣ್ಯದ ತೂಕ 11.66 ಗ್ರಾಂ, ಹಾಗಾಗಿ ‘ನೂರು ರೂಪಾಯಿ ತೂಕದ ಹರಿವಾಣ’ ಎಂದರೆ 1.166 ಕೆ.ಜಿ. ಊಟದ ಮೇಜಿನ ಮೇಲೆ ಇಟ್ಟ ಠೇವಣಿ, ಬೇಕಾದಾಗ ಕರಗಿಸಬಹುದು.

ಹುಣಸೆ, ಬೂದಿ ಹಾಕಿ ತಿಕ್ಕಬೇಡಿ. ಲೇಪದ್ದಾದರೆ ಲೇಪವೇ ಹೋಗುತ್ತದೆ, ಅಸಲಿಯಾದರೆ ಮುದ್ರೆ ಸವೆಯುತ್ತದೆ.