ಅಮೆರಿಕದ ಸ್ಟ್ರಾ ಪೋಲ್ (ಅಸಲಿ ಓಟಿಂಗ್‌ಗೆ ಮುಂಚೆ ಒಲವು ನೋಡೋಕೆ ನಡೆಸೋ ಅಣಕು ಮತದಾನ) ಗೆಲ್ಲೋಕೆ ಸಾಮಾನ್ಯ ಬೆಂಬಲಿಗರು ಹೇಗೆ ಸಂಘಟನೆ ಮಾಡ್ತಿದ್ರು, ಗೆದ್ರೆ ಏನ್ ಸಿಗ್ತಿತ್ತು?

ಕಾನೂನು ಪ್ರಕಾರ ಏನೂ ಸಿಗಲ್ಲ, ಒಬ್ಬ ಡೆಲಿಗೇಟ್ (ಪಾರ್ಟಿಯ ಅಧ್ಯಕ್ಷ ಅಭ್ಯರ್ಥಿನ ಆರಿಸೋ ಪ್ರತಿನಿಧಿ) ಕೂಡ ಇಲ್ಲ, ಬರೀ ಪ್ರಚಾರ. ಇದ್ರಲ್ಲಿ ಫೇಮಸ್ ಅಂದ್ರೆ ಅಯೋವಾ ರಾಜ್ಯದ ಏಮ್ಸ್ ಊರಲ್ಲಿ ರಿಪಬ್ಲಿಕನ್ ಪಾರ್ಟಿಯವರು 1979ರಿಂದ 2011ರವರೆಗೆ ನಡೆಸ್ತಿದ್ದದ್ದು. ಓಟ್ ಹಾಕೋಕೆ ಟಿಕೆಟ್ ಬೇಕಿತ್ತು, 2011ರಲ್ಲಿ 30 ಡಾಲರ್, ದುಡ್ಡಿರೋ ಕ್ಯಾಂಡಿಡೇಟ್‌ಗಳು ತಾವೇ ಟಿಕೆಟ್ ಕೊಂಡು ಬಸ್ ಮಾಡಿ ಊಟ ಹಾಕ್ಸಿ ಜನ ಕರ್ಕೊಂಡ್ ಬರ್ತಿದ್ರು (ನಮ್ ಕಡೆ ಸಮಾವೇಶ ನೋಡಿದವರಿಗೆ ಇದೇನ್ ಹೊಸದಲ್ಲ ಬಿಡಿ).

ಕೆಳಗಿನಿಂದ ಸಂಘಟನೆ ಅಂದ್ರೆ ರಿಪಬ್ಲಿಕನ್ ಕ್ಯಾಂಡಿಡೇಟ್ ಆಗಿದ್ದ ರಾನ್ ಪಾಲ್ ಅವರ ಬೆಂಬಲಿಗರನ್ನೇ ನೋಡ್ಬೇಕು. ಮೀಟಪ್ ಅನ್ನೋ ವೆಬ್‌ಸೈಟ್‌ನಲ್ಲಿ ಗುಂಪು ಕಟ್ಕೊಂಡು, ಕೈಯಲ್ಲೇ ಬೋರ್ಡ್ ಬರ್ದು, ಒಂದೇ ದಿನ ಎಲ್ರೂ ಸೇರಿ ಆನ್‌ಲೈನಲ್ಲಿ ದೇಣಿಗೆ ಹಾಕಿ, 2007ರ ನವೆಂಬರ್ 5ರಂದು 40 ಲಕ್ಷ ಡಾಲರ್‌ಗೂ ಜಾಸ್ತಿ ಎತ್ತಿದ್ರು. ಆ ವರ್ಷ ಏಮ್ಸ್‌ನಲ್ಲಿ ಪಾಲ್‌ಗೆ ಐದನೇ ಸ್ಥಾನ. 2011ರಲ್ಲಿ 4,671 ಓಟು, ಗೆದ್ದ ಮಿಷೆಲ್ ಬಾಕ್ಮನ್‌ಗೆ 4,823, ಬರೀ 152 ಓಟಲ್ಲಿ ಹೋಯ್ತು.

ಇಂಥಾ ಕಡೆ ಲೆಕ್ಕಕ್ಕೆ ಬರೋದು ಎಷ್ಟ್ ಜನಕ್ಕೆ ಇಷ್ಟ ಅನ್ನೋದಲ್ಲ, ಶನಿವಾರ ಮನೆ ಬಿಟ್ಟು ಅಲ್ಲಿವರೆಗೂ ಬರೋರು ಎಷ್ಟ್ ಜನ ಅನ್ನೋದು, ಅದಕ್ಕೇ ಸಣ್ಣ ಗುಂಪಾದ್ರೂ ಹಠ ಇದ್ರೆ ಸಾಕು. ಆದ್ರೆ ಅಸಲಿ ಓಟಿಂಗ್ ಬೇರೆನೇ, ಬಾಕ್ಮನ್ 2012ರ ಜನವರಿಯ ಅಯೋವಾ ಕಾಕಸ್‌ನಲ್ಲಿ (ಪಾರ್ಟಿ ಅಭ್ಯರ್ಥಿ ಆಯ್ಕೆಗೆ ನಡೆಯೋ ಅಸಲಿ ಮತದಾನ ಸಭೆ) ಆರನೇ ಸ್ಥಾನಕ್ಕೆ ಬಿದ್ದು ಮಾರನೇ ದಿನಾನೇ ರೇಸ್ ಬಿಟ್ರು. 2015ರಲ್ಲಿ ಪಾರ್ಟಿನೇ ಈ ಸ್ಟ್ರಾ ಪೋಲ್ ಕೈಬಿಡ್ತು.