ನೆವರ್‌ಮೈಂಡ್ ಬರೀ ಕಿರುಚಾಟ ಅನ್ನಿಸಿದರೆ, ಕೊನೆಯ ಹಾಡಿನಿಂದ ಕೇಳಿ

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ರಾಕ್ ಬ್ಯಾಂಡ್ ನಿರ್ವಾಣದ ನೆವರ್‌ಮೈಂಡ್ ಆಲ್ಬಂ ಎರಡು ಸಲ ಕೇಳಿದೆ, ಗಿಟಾರಿನ ನಾಲ್ಕು ಸ್ವರಗುಚ್ಛ (ಕಾರ್ಡ್), ಅರ್ಥವಾಗದ ಮಾತು, ಕಿರುಚಾಟ ಬಿಟ್ಟರೆ ಏನೂ ಸಿಗಲಿಲ್ಲ, ಜನ ಇದನ್ನು ಯಾಕೆ ಇಷ್ಟು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ?

ನನಗೂ ಮೊದಲು ಹಾಗೇ ಅನ್ನಿಸಿತ್ತು. 2002ರಲ್ಲಿ, ದಾವಣಗೆರೆಯ ಹಾಸ್ಟೆಲ್ಲಿನಲ್ಲಿ, ಸೀನಿಯರ್ ಒಬ್ಬರು ಈ ಸಿ.ಡಿ. ಕೊಟ್ಟಿದ್ದರು. ಮನೆಯಲ್ಲಿ ಭಾವಗೀತೆ ಕೇಳಿ ಬೆಳೆದವನು ನಾನು. ಮಾತು ಸ್ಪಷ್ಟವಾಗಿ ಕೇಳಿಸಬೇಕು, ರಾಗ ಮಾತನ್ನು ಹೊತ್ತು ನಡೆಯಬೇಕು, ಅದೇ ಹಾಡು ಅಂದುಕೊಂಡಿದ್ದೆ. ಮೊದಲ ಹಾಡು ಮುಗಿಯುವಷ್ಟರಲ್ಲಿ ಆಫ್ ಮಾಡಿದೆ. ಕೆಲವು ದಿನ ಬಿಟ್ಟು ಒಂದು ರಾತ್ರಿ, ಯಾಕೋ ಹನ್ನೆರಡನೇ ಹಾಡನ್ನು ಹಾಕಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಆಲ್ಬಂ ತಲೆಕೆಳಗಾಗಿ ಕೇಳಿ. ಕೊನೆಯ 'ಸಮ್‌ಥಿಂಗ್ ಇನ್ ದ ವೇ'ಯಿಂದ ಶುರು ಮಾಡಿ.

ಆ ಹಾಡು ರೆಕಾರ್ಡ್ ಆದ ಬಗೆ ಗೊತ್ತಾದರೆ ಕಿವಿ ತಾನೇ ತೆರೆದುಕೊಳ್ಳುತ್ತದೆ. 1991ರ ಮೇ-ಜೂನ್, ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿರುವ ಸೌಂಡ್ ಸಿಟಿ ಸ್ಟುಡಿಯೋ. ಇಡೀ ಬ್ಯಾಂಡ್ ಸೇರಿ ನುಡಿಸಿ ನೋಡಿದರು, ಹಾಡು ಕೂರಲಿಲ್ಲ. ಹಾಡುಗಾರ, ಗಿಟಾರು ನುಡಿಸುವ ಕರ್ಟ್ ಕೊಬೇನ್ ಕಂಟ್ರೋಲ್ ರೂಮಿಗೆ (ರೆಕಾರ್ಡಿಂಗ್ ಯಂತ್ರಗಳಿರುವ ಕೋಣೆಗೆ) ಬಂದು, ಸೋಫಾ ಮೇಲೆ ಮಲಗಿ, ಹೀಗಿರಬೇಕು ಅಂತ ಪಿಸುಗುಟ್ಟುವ ದನಿಯಲ್ಲಿ ಹಾಡಿ ತೋರಿಸಿದ. ಕೈಯಲ್ಲಿ ಅಗ್ಗಕ್ಕೆ ಕೊಂಡ ಹಳೇ ಗಿಟಾರು, ಐದೇ ತಂತಿ, ಸರಿಯಾದ ಶ್ರುತಿಯೂ ಇಲ್ಲ. ನಿರ್ಮಾಪಕ ಬುಚ್ ವಿಗ್ ತಕ್ಷಣ ಅವನನ್ನು ಅಲ್ಲೇ ತಡೆದು, ಫೋನ್ ಕಿತ್ತು, ಫ್ಯಾನ್ ಆರಿಸಿ, ಮೈಕುಗಳನ್ನು ಸೋಫಾ ಹತ್ತಿರಕ್ಕೇ ತಂದಿಟ್ಟ. ಆ ಪಿಸುದನಿಯ ಸುತ್ತ ಮಿಕ್ಕದ್ದೆಲ್ಲ ಆಮೇಲೆ ಸೇರಿತು. ಡ್ರಮ್ಸ್‌ನ ಡೇವ್ ಗ್ರೋಲ್, ಕೋಲು ಎತ್ತಿದರೆ ಗೋಡೆ ನಡುಗಿಸುವ ಆಸಾಮಿ, ಇಲ್ಲಿ ಉಸಿರು ಬಿಗಿಹಿಡಿದು ನುಡಿಸಬೇಕಾಯಿತು. ಚೆಲ್ಲೋ ನುಡಿಸಲು ಬಂದವರು ತಮ್ಮ ವಾದ್ಯವನ್ನು ಆ ಶ್ರುತಿ ತಪ್ಪಿದ ಗಿಟಾರಿಗೆ ಹೊಂದಿಸಿಕೊಂಡರು.

ಇದೇ ನನ್ನ ಉತ್ತರ. ಈ ಆಲ್ಬಂನ ಶಕ್ತಿ ಗದ್ದಲದಲ್ಲಿಲ್ಲ, ಗದ್ದಲದ ಪಕ್ಕದಲ್ಲಿ ಇಟ್ಟಿರುವ ಮೌನದಲ್ಲಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಹಾಡಿಗೆ, 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'ಗೆ, ವಾಪಸ್ ಹೋಗಿ. ಪಲ್ಲವಿಯ ಅಬ್ಬರ ನಿಂತ ಕೂಡಲೇ ಗಿಟಾರಿನಲ್ಲಿ ಎರಡೇ ಸ್ವರ ತೊಟ್ಟಿಕ್ಕುತ್ತವೆ, ಕೆಳಗೆ ಕ್ರಿಸ್ಟ್ ನೊವೊಸೆಲಿಕ್‌ನ ಬೇಸ್ ಗಿಟಾರು ಒಂದೇ ನಡಿಗೆಯಲ್ಲಿ ಹೋಗುತ್ತಿರುತ್ತದೆ. ಆ ಖಾಲಿ ಜಾಗ ಇಲ್ಲದಿದ್ದರೆ ಅಬ್ಬರಕ್ಕೆ ಬೆಲೆಯೇ ಇಲ್ಲ. ಮೆಲ್ಲಗೆ-ಜೋರಾಗಿ-ಮೆಲ್ಲಗೆ ಎಂಬ ಈ ಕಟ್ಟನ್ನು ಬಾಸ್ಟನ್ನಿನ ಪಿಕ್ಸೀಸ್ ಬ್ಯಾಂಡಿನಿಂದ ಕಲಿತೆ ಅಂತ ಕೊಬೇನ್ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ.

ಇನ್ನು ಮಾತು ಅರ್ಥವಾಗಲಿಲ್ಲ ಅಂದಿರಿ. ಇಂಗ್ಲಿಷ್ ತಾಯ್ನುಡಿಯವರಿಗೂ ಆಗಿರಲಿಲ್ಲ. ಆಲ್ಬಂ ಜೊತೆ ಬಂದ ಪುಸ್ತಿಕೆಯಲ್ಲಿ ಪೂರ್ತಿ ಸಾಹಿತ್ಯವನ್ನೇ ಅಚ್ಚು ಹಾಕಿರಲಿಲ್ಲ, ಅಲ್ಲೊಂದು ಇಲ್ಲೊಂದು ಸಾಲು ಹೆಕ್ಕಿ ಜೋಡಿಸಿದ್ದರು. ಹಾಗಾಗಿ ಮಾತು ಬಿಟ್ಟು ಬರೀ ರಾಗ ಗುನುಗಿ ನೋಡಿ. 'ಲಿಥಿಯಂ' ಗುನುಗಿ, 'ಕಮ್ ಆಸ್ ಯು ಆರ್' ಗುನುಗಿ. ಒಂದೇ ಸಲಕ್ಕೆ ನಾಲಿಗೆಗೆ ಹತ್ತುತ್ತವೆ. ಕೊಬೇನ್ ಬೀಟಲ್ಸ್ ಕೇಳಿ ಬೆಳೆದ ಹುಡುಗ. ಒಂದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸೋಣ ಅಂತ ವಿಗ್ ಹೇಳಿದಾಗ ಇವನು ಮೋಸ ಅಂತ ಒಪ್ಪಲಿಲ್ಲ. ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಹಾಗೆ ಮಾಡುತ್ತಿದ್ದ ಅಂದಮೇಲೆ ಒಪ್ಪಿದ. ಅವನ ದನಿ ಒಡೆಯುವ ಜಾಗಗಳನ್ನು ಕೇಳುವಾಗ ನನಗೆ ನೆನಪಾಗುವುದು ಸಿ. ಅಶ್ವತ್ಥ್ ಶರೀಫರ ಪದಗಳನ್ನು ಎದೆ ಬಿಚ್ಚಿ ಮೇಲಿನ ಸ್ಥಾಯಿಗೆ ಒಯ್ಯುತ್ತಿದ್ದದ್ದು. ಲೋಕ ಬೇರೆ, ಆದರೆ ಗಂಟಲು ಹರಿದರೂ ಸ್ವರ ಬಿಡದ ಹಟ ಒಂದೇ.

'ಪಾಲಿ' ಹಾಡನ್ನು ಮಾತ್ರ ಅರ್ಥ ತಿಳಿದೇ ಕೇಳಬೇಕು. 1987ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಹುಡುಗಿಯೊಬ್ಬಳನ್ನು ಅಪಹರಿಸಿ ಹಿಂಸಿಸಿದ ನಿಜ ಘಟನೆ ಅದರ ಹಿಂದಿದೆ. ಆಕೆ ತಪ್ಪಿಸಿಕೊಂಡಳು. ಕೊಬೇನ್ ಅದನ್ನು ಅಪರಾಧಿಯ ಬಾಯಲ್ಲಿ, ಒಂದಿಷ್ಟೂ ದನಿ ಏರಿಸದೆ ಹಾಡುತ್ತಾನೆ. ಆ ತಣ್ಣನೆಯ ದನಿಯೇ ಮೈ ಕೊರೆಯುತ್ತದೆ. ಮುಂದೆ ಇಬ್ಬರು ಇದೇ ಹಾಡನ್ನು ಹಾಡುತ್ತಾ ಅತ್ಯಾಚಾರ ಎಸಗಿದರೆಂದು ತಿಳಿದಾಗ, 1992ರ ಕೊನೆಗೆ ಬಂದ 'ಇನ್ಸೆಸ್ಟಿಸೈಡ್' ಸಂಕಲನದ ಟಿಪ್ಪಣಿಯಲ್ಲಿ ಅವನು ಅದರ ನೋವನ್ನು ಬರೆದ. ಹೆಂಗಸರನ್ನು, ಸಲಿಂಗಿಗಳನ್ನು, ಬೇರೆ ಬಣ್ಣದವರನ್ನು ದ್ವೇಷಿಸುವವರು ನಮ್ಮ ಸಂಗೀತದ ಹತ್ತಿರ ಬರಬೇಡಿ ಅಂತಲೂ ಅಲ್ಲೇ ಹೇಳಿದ. ಜನಪ್ರಿಯತೆಯ ತುದಿಯಲ್ಲಿ ನಿಂತು ತನ್ನದೇ ಕೇಳುಗರಿಗೆ ಹಾಗೆ ಹೇಳುವುದು ಸಣ್ಣ ಮಾತಲ್ಲ.

ಲೆಕ್ಕ ಬೇಕಾದರೆ: 1989ರಲ್ಲಿ ಬಂದ ಮೊದಲ ಆಲ್ಬಂ 'ಬ್ಲೀಚ್' ಸುಮಾರು 600 ಡಾಲರಿನಲ್ಲಿ ರೆಕಾರ್ಡ್ ಆಗಿತ್ತು. ನೆವರ್‌ಮೈಂಡ್ 1991ರ ಸೆಪ್ಟೆಂಬರ್ 24ರಂದು ಬಂದಾಗ ಅಮೆರಿಕದಲ್ಲಿ ಅಚ್ಚಾಗಿದ್ದು 46 ಸಾವಿರ ಚಿಲ್ಲರೆ ಪ್ರತಿ. ಎರಡೂವರೆ ಲಕ್ಷ ಮಾರಿದರೆ ಪುಣ್ಯ ಅನ್ನುವುದು ಕಂಪನಿಯ ಅಂದಾಜು. 1992ರ ಜನವರಿ 11ರ, ಅಮೆರಿಕದ ಆಲ್ಬಂ ಮಾರಾಟ ಲೆಕ್ಕಹಾಕುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೈಕೆಲ್ ಜಾಕ್ಸನ್‌ನ 'ಡೇಂಜರಸ್' ಅನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಬಂತು. 1999ರ ಹೊತ್ತಿಗೆ ಅಮೆರಿಕವೊಂದರಲ್ಲೇ 1 ಕೋಟಿ ಪ್ರತಿ. ದೊಡ್ಡ ಕಂಪನಿಗಳು ಚೆಕ್ ಹಿಡಿದು, ಇಂಥ ಬ್ಯಾಂಡುಗಳಿದ್ದ ಸಿಯಾಟಲ್‌ಗೆ ಓಡಿದವು. ಆದರೆ ಈ ಒಂದು ಆಲ್ಬಂ ರಾತ್ರೋರಾತ್ರಿ ಎಲ್ಲವನ್ನೂ ಬದಲಿಸಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆರ್.ಇ.ಎಂ., ಸೋನಿಕ್ ಯೂತ್ ಎಂಬ ಬ್ಯಾಂಡುಗಳು ಅದಕ್ಕೂ ಮುಂಚೆ ಹತ್ತು ವರ್ಷ ದಾರಿ ಸವೆಸಿದ್ದವು. ಪರ್ಲ್ ಜ್ಯಾಮ್‌ನ 'ಟೆನ್' ಆಲ್ಬಂ ಒಂದು ತಿಂಗಳು ಮೊದಲೇ ಬಂದಿತ್ತು.

ಈ ಗೆಲುವು ಕೊಬೇನ್‌ಗೆ ಒಗ್ಗಲಿಲ್ಲ. ಆಂಡಿ ವಾಲೆಸ್ ಮಾಡಿದ ಮಿಕ್ಸಿಂಗ್ (ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ತೀರಾ ನುಣುಪಾಯಿತು ಅಂತ ಕೊರಗಿದ. ಮುಂದಿನ 'ಇನ್ ಯುಟೆರೊ'ಗೆ ಒರಟು ಸದ್ದಿಗೆ ಹೆಸರಾದ ಸ್ಟೀವ್ ಅಲ್ಬಿನಿಯನ್ನು ಕರೆದದ್ದು ಅದೇ ಕಾರಣಕ್ಕೆ. 1994ರ ಏಪ್ರಿಲ್‌ನಲ್ಲಿ, 27ನೇ ವಯಸ್ಸಿಗೆ, ತನ್ನ ಜೀವ ತಾನೇ ತೆಗೆದುಕೊಂಡ. ಆ ಸಾವನ್ನು ಹಾಡುಗಳ ಮೇಲೆ ಹೊದಿಸಿ ಕೇಳುವವರು ಬಹಳ. ನೀವು ಹಾಗೆ ಕೇಳಬೇಡಿ. 1991ರಲ್ಲಿ ಈ ಮೂವರೂ ಇಪ್ಪತ್ತೆರಡರಿಂದ ಇಪ್ಪತ್ತಾರರೊಳಗಿನ ಹುಡುಗರು, ನುಡಿಸುವ ಖುಷಿ ಪ್ರತಿ ಹಾಡಿನಲ್ಲೂ ಕೇಳಿಸುತ್ತದೆ.

ಸೌಂಡ್ ಸಿಟಿ ಸ್ಟುಡಿಯೋ ಬಾಗಿಲು ಹಾಕಿದಾಗ ಅಲ್ಲಿನ ನೀವ್ ಕಂಪನಿಯ ಮಿಕ್ಸಿಂಗ್ ಯಂತ್ರವನ್ನು ಗ್ರೋಲ್ ಕೊಂಡುಕೊಂಡ, 2013ರಲ್ಲಿ ಆ ಜಾಗದ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡಿದ. 2022ರ 'ದ ಬ್ಯಾಟ್‌ಮ್ಯಾನ್' ಸಿನಿಮಾದಲ್ಲಿ ಬಂದದ್ದು ಮತ್ತದೇ ಸೋಫಾ ಮೇಲಿನ ಪಿಸುದನಿ. ಅದನ್ನು ಕೇಳಿ ಈ ಹಾಡು ಯಾವುದು ಅಂತ ಹುಡುಕಿದವರಲ್ಲಿ ನನ್ನ ತಂಗಿಯ ಮಗನೂ ಒಬ್ಬ.

ಸಿ.ಡಿ. ಸಿಕ್ಕಿದರೆ ಸಿ.ಡಿ.ಯಲ್ಲೇ ಕೇಳಿ. ಕೊನೆಯ ಹಾಡು ಮುಗಿದರೂ ಅದು ನಿಲ್ಲುವುದಿಲ್ಲ. ಹತ್ತು ನಿಮಿಷ ಸದ್ದೇ ಇಲ್ಲ, ಆಮೇಲೆ 'ಎಂಡ್‌ಲೆಸ್, ನೇಮ್‌ಲೆಸ್' ಅಂತ ಅಡಗಿಸಿಟ್ಟ ಒಂದು ತುಣುಕು. 'ಲಿಥಿಯಂ' ಸರಿಯಾಗಿ ಬರದೆ ಸಿಟ್ಟಿಗೆದ್ದು ನುಡಿಸಿದ್ದು, ಅದರ ಕೊನೆಗೆ ಕೊಬೇನ್ ಗಿಟಾರನ್ನೇ ಒಡೆದುಹಾಕಿದ. ಮೊದಲ ಮುದ್ರಣದ ಪ್ರತಿಗಳಲ್ಲಿ ಕಣ್ತಪ್ಪಿ ಬಿಟ್ಟುಹೋಗಿತ್ತು, ಆಮೇಲೆ ಸೇರಿಸಿದರು. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನನಗೆ ಇದು ಗೊತ್ತಿರಲಿಲ್ಲ. ಹಾಡು ಮುಗಿಯಿತು ಅಂದುಕೊಂಡು, ದೀಪ ಆರಿಸಿ, ಹೆಡ್‌ಫೋನ್ ತೆಗೆಯದೆ ಕತ್ತಲಲ್ಲಿ ಹಾಗೇ ಮಲಗಿದ್ದೆ.