‘ಇನುಯಾಶಾ’ದ ನರಾಕುವಿಗೆ ಕೊನೆಗೂ ಬೇಕಾಗಿದ್ದೇನು?

ಪ್ರಶ್ನೆ: ‘ಇನುಯಾಶಾ’ ಮಾಂಗಾ (ಜಪಾನಿ ಚಿತ್ರಕಥೆ) ಓದಿ ಮುಗಿಸಿದೆ. ಅದರ ಖಳ ನರಾಕು ಮೊದಲು ಮಣಿ ಬೇಕು ಅಂತಾನೆ, ಆಮೇಲೆ ಪೂರ್ತಿ ರಾಕ್ಷಸನಾಗಬೇಕು ಅಂತಾನೆ, ಕೊನೆಗೆ ಇನ್ನೇನೋ ಹೇಳುತ್ತಾನೆ. ಲೇಖಕಿ ಕಥೆ ಎಳೆಯುವುದಕ್ಕೋಸ್ಕರ ಅವನ ಗುರಿ ಬದಲಾಯಿಸುತ್ತಾ ಹೋದರಾ?

ಉತ್ತರ:

ಕಥೆ ಎಳೆದಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನರಾಕು ಗುರಿ ಬದಲಾಯಿಸುವುದಕ್ಕೆ ಅದು ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಅವನ ಒಳಗಿದ್ದ ಆಸೆ ಮೊದಲಿನಿಂದ ಒಂದೇ. ಅದನ್ನು ಒಪ್ಪಿಕೊಳ್ಳಲು ಅವನಿಗೆ ಮನಸ್ಸಿಲ್ಲ. ಅದಕ್ಕೇ ಒಂದಾದ ಮೇಲೊಂದು ಹೊಸ ಗುರಿ ಹುಡುಕಿಕೊಳ್ಳುತ್ತಾನೆ. ಇದನ್ನು ಹೇಳಲು ಕಥೆಯ ಕೊನೆಯನ್ನೂ ಹೇಳಬೇಕಾಗುತ್ತದೆ. ಇನ್ನೂ ಓದುತ್ತಿರುವವರು ದಯವಿಟ್ಟು ಇಲ್ಲೇ ನಿಲ್ಲಿಸಿ.

ರುಮಿಕೊ ತಕಹಾಶಿ ಇದನ್ನು 1996ರಿಂದ 2008ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಬರೆದರು. ಒಟ್ಟು 56 ಸಂಪುಟ, 558 ಅಧ್ಯಾಯ. ಇದರ ಟಿವಿ ಕಾರ್ಟೂನ್ ರೂಪವಾದ ಅನಿಮೆ 2004ರಲ್ಲಿ ಕಥೆ ಮುಗಿಯುವ ಮೊದಲೇ ನಿಂತು, ಉಳಿದ ಭಾಗ 2009ರಲ್ಲಿ ಶುರುವಾಯಿತು. ಅನಿಮೆ ಮಾತ್ರ ನೋಡಿದವರಿಗೆ ನರಾಕು ಇದ್ದಕ್ಕಿದ್ದಂತೆ ಬದಲಾದ ಹಾಗೆ ಕಾಣುವುದಕ್ಕೆ ಈ ಅಂತರವೂ ಒಂದು ಕಾರಣ ಇರಬಹುದು. ನಾನು ಮಾಂಗಾ ಹಿಡಿದುಕೊಂಡೇ ಹೇಳುತ್ತೇನೆ.

ನರಾಕು ಹುಟ್ಟು ರಾಕ್ಷಸ ಅಲ್ಲ. ಇದನ್ನು ಮರೆತರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ. ಒನಿಗುಮೊ ಅನ್ನುವ ಒಬ್ಬ ಡಕಾಯಿತ ಇದ್ದ. ಮೈಯೆಲ್ಲ ಸುಟ್ಟು, ಕೈಕಾಲು ಆಡದೆ ಒಂದು ಗುಹೆಯಲ್ಲಿ ಬಿದ್ದಿದ್ದ. ದೇಗುಲದ ಕನ್ಯೆ ಕಿಕ್ಯೋ ಅವನನ್ನು ನೋಡಿಕೊಳ್ಳುತ್ತಿದ್ದಳು. ಕೋರಿಕೆ ಈಡೇರಿಸುವ, ರಾಕ್ಷಸರು ಹಾತೊರೆಯುತ್ತಿದ್ದ ಶಿಕೋನ್ ಮಣಿಯನ್ನು ಕಾಯುವ ಹೊಣೆಯೂ ಅವಳದ್ದೇ. ಮಲಗಿದಲ್ಲಿಂದ ಏಳಲಾಗದ ಈ ಮನುಷ್ಯನಿಗೆ ಅವಳ ಮೇಲೆ ಆಸೆ ಹುಟ್ಟಿತು. ಅದು ಪ್ರೀತಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಮಣಿಯೂ ಬೇಕು, ಅವಳೂ ಬೇಕು ಅನ್ನುವ ಆಸೆ. ಸುತ್ತ ಸೇರಿದ ರಾಕ್ಷಸರಿಗೆ ತನ್ನ ದೇಹ ತಿನ್ನಲು ಕೊಟ್ಟು, ಓಡಾಡುವ ಹೊಸ ದೇಹ ಕೇಳಿದ. ಹಾಗೆ ಹುಟ್ಟಿದವನು ನರಾಕು.

ಹುಟ್ಟಿದ ಕೂಡಲೇ ಅವನು ಮಾಡಿದ ಕೆಲಸ ನೋಡಿ. ಕಿಕ್ಯೋಳನ್ನು ಪಡೆಯಬೇಕೆಂದು ದೇಹ ಮಾರಿಕೊಂಡವನು ಅವಳನ್ನೇ ಕೊಂದ. ಅವಳು ಪ್ರೀತಿಸುತ್ತಿದ್ದ ಅರೆರಾಕ್ಷಸ ಇನುಯಾಶಾನ ವೇಷದಲ್ಲಿ ಹೋಗಿ ಅವಳನ್ನು ಗಾಯಗೊಳಿಸಿದ. ಅವಳ ವೇಷದಲ್ಲಿ ಹೋಗಿ ಇನುಯಾಶಾನ ಮೇಲೆ ಬಾಣ ಬಿಟ್ಟ. ಪ್ರೀತಿಸುತ್ತಿದ್ದ ಇಬ್ಬರನ್ನೂ ಶತ್ರುಗಳನ್ನಾಗಿ ಮಾಡಿದ. ದ್ವೇಷ ತುಂಬಿದಷ್ಟೂ ಮಣಿ ಕಪ್ಪಾಗುತ್ತದೆ, ಆಗ ಅದು ತನಗೆ ಒದಗುತ್ತದೆ ಅನ್ನುವುದು ಲೆಕ್ಕ. ಆದರೆ ಕಿಕ್ಯೋ ಇನುಯಾಶಾನನ್ನು ಮರಕ್ಕೆ ಬಾಣದಿಂದ ಚುಚ್ಚಿ ನಿಲ್ಲಿಸಿ, ತನ್ನ ಹೆಣದ ಜೊತೆ ಮಣಿಯನ್ನೂ ಸುಡಲು ತಂಗಿ ಕಾಯೆದೆಗೆ ಹೇಳಿ ಸತ್ತಳು. ನರಾಕುವಿಗೆ ಮಣಿಯೂ ಇಲ್ಲ, ಅವಳೂ ಇಲ್ಲ.

ಇಲ್ಲಿ ಇಬ್ಬರ ಇಚ್ಛೆ ಒಂದೇ ಮೈಯಲ್ಲಿದೆ. ರಾಕ್ಷಸರಿಗೆ ಮಣಿ ಬೇಕು. ಒನಿಗುಮೊಗೆ ಕಿಕ್ಯೋ ಬೇಕು. ಮೊದಲ ಸುತ್ತಿನಲ್ಲಿ ಗೆದ್ದದ್ದು ರಾಕ್ಷಸರು. ಒನಿಗುಮೊ ಐವತ್ತು ವರ್ಷ ಒಳಗೇ ಸೆರೆಯಾಗಿ ಉಳಿದ.

ನಾವು ಕಥೆಗೆ ಬರುವುದು ಈ ಐವತ್ತು ವರ್ಷದ ನಂತರ. ಕಿಕ್ಯೋಳ ಮರುಜನ್ಮವಾದ ಕಾಗೊಮೆ ಅನ್ನುವ ಹುಡುಗಿಯ ಜೊತೆ ಮಣಿ ಮತ್ತೆ ಬಂದು, ಅವಳ ಬಾಣಕ್ಕೇ ಚೂರುಚೂರಾಗಿ ದೇಶದ ತುಂಬ ಹರಡಿದೆ. ನರಾಕು ಬಿಳಿ ಬಬೂನಿನ ಚರ್ಮ ಹೊದ್ದು ಓಡಾಡುತ್ತಾ ಆ ಚೂರುಗಳನ್ನು ಒಟ್ಟುಮಾಡುತ್ತಿದ್ದಾನೆ. ಈಗ ಅವನ ಗುರಿ ಪೂರ್ತಿ ರಾಕ್ಷಸನಾಗುವುದು. ಕೇಳಲು ಇದು ಬರೀ ಶಕ್ತಿಯ ಆಸೆ. ಆದರೆ ಬೆನ್ನಿನ ಮೇಲಿನ ಜೇಡದ ಗುರುತು ನೆನಪಿದೆಯಾ? ಒನಿಗುಮೊನ ಸುಟ್ಟ ಗಾಯದ್ದು. ಆ ಚರ್ಮವನ್ನು ಸುಲಿದು ಹಾಕಿದರೂ ಗುರುತು ಮತ್ತೆ ಮೂಡುತ್ತದೆ. ಬರೀ ಶಕ್ತಿ ಬೇಕಾದವನು ತನ್ನ ಬೆನ್ನಿನ ಚರ್ಮ ಯಾಕೆ ಸುಲಿಯುತ್ತಾನೆ? ಅವನಿಗೆ ತನ್ನೊಳಗಿನ ಮನುಷ್ಯನನ್ನು ಕಂಡರೆ ಅಸಹ್ಯ. ಪೂರ್ತಿ ರಾಕ್ಷಸನಾಗುವುದು ಅಂದರೆ ಒನಿಗುಮೊನನ್ನು ಅಳಿಸುವುದು.

ಅಷ್ಟರಲ್ಲಿ ಕಿಕ್ಯೋ ಮಣ್ಣು ಮತ್ತು ಮೂಳೆಯ ದೇಹದಲ್ಲಿ ಮತ್ತೆ ಎದ್ದು ಬಂದಿರುತ್ತಾಳೆ. ಮುಂದಿನ ಎಷ್ಟೋ ಅಧ್ಯಾಯಗಳಲ್ಲಿ ನರಾಕುವಿಗೆ ಅವಳನ್ನು ಕೊಲ್ಲಲು ಕೈಯೇ ಬರುವುದಿಲ್ಲ. ಅವಳಿಗೂ ಇದು ಗೊತ್ತು. ಧೈರ್ಯವಾಗಿ ಅವನ ಎದುರು ನಿಲ್ಲುತ್ತಾಳೆ, ಮಣಿಯ ದೊಡ್ಡ ತುಂಡನ್ನು ತಾನೇ ಅವನ ಕೈಗೆ ಕೊಡುತ್ತಾಳೆ. ನನ್ನ ಪ್ರಕಾರ ಇಡೀ ಸರಣಿಯಲ್ಲಿ ನರಾಕು ಅತ್ಯಂತ ಸೊಗಸಾಗಿ ಕಾಣುವುದು ಈ ಭಾಗದಲ್ಲೇ. ಎಲ್ಲರನ್ನೂ ಗೊಂಬೆಗಳ ಹಾಗೆ ಆಡಿಸುವವನು, ಒಬ್ಬಳ ಮುಂದೆ ಮಾತ್ರ ತನ್ನ ಕೈ ತನ್ನ ಮಾತು ಕೇಳದೆ ನಿಂತಿರುತ್ತಾನೆ.

ಆಮೇಲೆ ಮುಸೋ ಪ್ರಸಂಗ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ, ಆದರೆ ಜನ ಅದನ್ನು ಬೇಗ ದಾಟಿ ಹೋಗುತ್ತಾರೆ. ನರಾಕು ಒನಿಗುಮೊನ ಹೃದಯವನ್ನು ಮೈಯಿಂದ ಹೊರಗೆ ಹಾಕುತ್ತಾನೆ. ಅದು ಮುಖವೇ ಇಲ್ಲದ ಒಬ್ಬ ಮನುಷ್ಯನಾಗಿ, ಒಬ್ಬ ಸನ್ಯಾಸಿಯ ಮುಖ ಕಿತ್ತುಕೊಂಡು ಮುಸೋ ಅನ್ನುವ ಹೆಸರಲ್ಲಿ ಅಲೆಯುತ್ತದೆ. ಮೊದಲು ತಾನು ಯಾರು ಅಂತಲೂ ಅವನಿಗೆ ತಿಳಿದಿಲ್ಲ. ನೆನಪು ಬಂದಾಗ ಹುಡುಕುವುದು ಕಿಕ್ಯೋಳನ್ನೇ. ಆದರೆ ನರಾಕು ಅವನನ್ನು ಮತ್ತೆ ಒಳಗೆ ಎಳೆದುಕೊಳ್ಳಬೇಕಾಗುತ್ತದೆ. ಆ ಮನುಷ್ಯ ಹೃದಯ ಹೋದ ಕೂಡಲೇ ನೂರಾರು ರಾಕ್ಷಸರ ಆ ಮೈ ಅಂಟಿಲ್ಲದ ಹಲಗೆಗಳ ಹಾಗೆ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಯಾವುದನ್ನು ಕಂಡರೆ ಅವನಿಗೆ ಅಸಹ್ಯವೋ ಅದೇ ಅವನನ್ನು ಹಿಡಿದಿಟ್ಟಿದೆ.

ಹಾಗಾಗಿ ಹಕುರೇ ಬೆಟ್ಟ. ಯಾವ ರಾಕ್ಷಸನೂ ಹತ್ತಿರ ಬರಲಾಗದ ಪವಿತ್ರ ಬೆಟ್ಟದ ಒಳಗೆ ಅಡಗಿ ಕೂತು ನರಾಕು ಹೊಸ ಮೈ ಕಟ್ಟಿಕೊಳ್ಳುತ್ತಾನೆ. (ಬಾಗಿಲಲ್ಲಿ ಕಾವಲಿಗೆ ನಿಂತ ಏಳು ಜನರ ತಂಡದ ಕಥೆ ನರಾಕುವಿನ ಕಥೆಗಿಂತ ಚೆನ್ನಾಗಿದೆ, ಅದು ಬೇರೆ ಮಾತು.) ಈ ಸಲ ಹೃದಯವನ್ನು ಒಂದು ಶಿಶುವಿನ ರೂಪದಲ್ಲಿ ಹೊರಗಿಟ್ಟ. ಹೊರಗೆ ಬಂದವನು ಮಾಡಿದ ಮೊದಲ ಕೆಲಸ ಕಿಕ್ಯೋಳನ್ನು ಇರಿದು ವಿಷದ ಕಮರಿಗೆ ಬೀಳಿಸಿದ್ದು (ಅವಳು ಆಗ ಉಳಿದುಕೊಳ್ಳುತ್ತಾಳೆ). ತನ್ನ ಕೈ ಈಗ ತಡೆಯುವುದಿಲ್ಲ ಅಂತ ಪರೀಕ್ಷೆ ಮಾಡಿದ ಹಾಗಿತ್ತು. ನಿಜವಾಗಿ ಬಿಡುಗಡೆಯಾದವನು ಹಾಗೆ ಪರೀಕ್ಷೆ ಮಾಡುತ್ತಾನಾ?

ಇಲ್ಲಿಂದ ಮುಂದಿನ ಭಾಗವೇ ನೀವು ಹೇಳುವ ಎಳೆತ. ಆ ಶಿಶು, ಅದರಿಂದಲೇ ಬಂದ ಹಕುದೋಶಿ, ಶಿಶುವಿಗೆ ಕವಚವಾದ ರಾಕ್ಷಸ ಮೋರ್ಯೋಮಾರು. ಈಗ ನರಾಕುವಿನ ಗುರಿ ಹೆಚ್ಚುಕಡಿಮೆ ಬದುಕಿ ಉಳಿಯುವುದಷ್ಟೇ. ಹೃದಯ ಹೊರಗಿದೆ, ಅದನ್ನು ಬಚ್ಚಿಡಬೇಕು. ಆ ಹೃದಯವೇ ಅವನ ವಿರುದ್ಧ ತಿರುಗುತ್ತದೆ. ತಾನು ಹುಟ್ಟಿಸಿದವರನ್ನೆಲ್ಲ ಅವನು ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಗಾಳಿಯ ಹಾಗೆ ಸ್ವತಂತ್ರವಾಗಿರಲು ಬಯಸಿದ ಕಾಗುರಾಗೆ ಅವಳ ಹೃದಯ ಹಿಂದಕ್ಕೆ ಕೊಟ್ಟು, ಆ ಕ್ಷಣವೇ ಮೈಗೆ ವಿಷ ಇಳಿಸಿ ಸಾಯಿಸುವ ದೃಶ್ಯ ಒಂದೇ ಸಾಕು. ಈ ಹಂತದಲ್ಲಿ ಅವನ ಕ್ರೌರ್ಯಕ್ಕೆ ಲಾಭದ ಲೆಕ್ಕವೂ ಸರಿಯಾಗಿ ಇಲ್ಲ. ಮನುಷ್ಯ ಹೃದಯ ಇಲ್ಲದ ನರಾಕು ಜಾಸ್ತಿ ಬಲಶಾಲಿ, ಆದರೆ ಖಳನಾಗಿ ಸಪ್ಪೆ. ಹತ್ತಾರು ಅಧ್ಯಾಯ ಕಡಿಮೆ ಮಾಡಿದ್ದರೂ ಏನೂ ನಷ್ಟವಾಗುತ್ತಿರಲಿಲ್ಲ.

ಕೊನೆಗೆ ಆ ಶಿಶುವನ್ನು ಒಳಗಿಟ್ಟುಕೊಂಡಿದ್ದ ಮೋರ್ಯೋಮಾರುನನ್ನು ನುಂಗಿ ಹೃದಯವನ್ನು ವಾಪಸ್ ಪಡೆಯುತ್ತಾನೆ. ಈಗ ಒಂದು ವಿಚಿತ್ರ ಬದಲಾವಣೆ ಆಗುತ್ತದೆ. ಒನಿಗುಮೊನ ಆಸೆ ಮರಳಿ ಬಂದಿದೆ, ಆದರೆ ಮೊದಲಿನ ಹಾಗೆ ಕೈ ಕಟ್ಟುವುದಿಲ್ಲ. ಸಿಗದಿದ್ದರೆ ಕೆಡಿಸುತ್ತೇನೆ ಅನ್ನುವ ಹಟವಾಗಿದೆ. ಜೇಡನ ನೂಲು ಬಿಟ್ಟು ಕಿಕ್ಯೋಳನ್ನು ಮಲಿನ ಮಾಡಲು ನೋಡುತ್ತಾನೆ, ಎರಡನೇ ಸಲ ಅವಳನ್ನು ಸಾಯಿಸುತ್ತಾನೆ. ಅವಳು ಸಾಯುವುದು ಇನುಯಾಶಾನ ತೋಳಲ್ಲಿ. ಹೋಗುವ ಮುಂಚೆ ಮಣಿಯೊಳಗೆ ಒಂದು ಚೂರು ಬೆಳಕು ಬಿಟ್ಟು ಹೋಗುತ್ತಾಳೆ. ಅದನ್ನು ಅಳಿಸಲು ನರಾಕುವಿಗೆ ಆಗುವುದಿಲ್ಲ.

ಮಣಿ ಪೂರ್ತಿಯಾದ ಮೇಲಾದರೂ ಅವನಿಗೆ ತೃಪ್ತಿ ಇದೆಯಾ? ಇಲ್ಲ. ಐವತ್ತು ವರ್ಷ ಹುಡುಕಿದ ವಸ್ತು ಕೈಯಲ್ಲಿದೆ, ಕೇಳಲು ಏನೂ ತೋಚುವುದಿಲ್ಲ. ಮಣಿ ನಿನ್ನ ನಿಜವಾದ ಆಸೆಯನ್ನು ಈಡೇರಿಸಲಿಲ್ಲ ಅಲ್ವಾ ಅನ್ನುವ ಅರ್ಥದಲ್ಲಿ ಕಾಗೊಮೆ ಕೇಳಿದಾಗ ಅವನು ಮೊದಲ ಸಲ ಒಪ್ಪಿಕೊಳ್ಳುತ್ತಾನೆ: ತನಗೆ ಬೇಕಾಗಿದ್ದದ್ದು ಕಿಕ್ಯೋಳ ಮನಸ್ಸು. ಒನಿಗುಮೊಗೆ ಬೇಕಾಗಿದ್ದು ಕಿಕ್ಯೋ. ಅವಳ ಮನಸ್ಸು ಬೇಕು ಅನ್ನುವಷ್ಟು ದೂರ ಬಂದವನು ನರಾಕು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅವನು ನಿಜವಾಗಿ ಬದಲಾದದ್ದು ಇಷ್ಟೇ. ಅದೂ ಅವಳು ಸತ್ತ ಮೇಲೆ.

ಇದರಿಂದ ಅವನನ್ನು ಕ್ಷಮಿಸಬೇಕು ಅಂತ ನಾನು ಹೇಳುತ್ತಿಲ್ಲ. ಇನುಯಾಶಾನ ಸಂಗಾತಿಗಳಲ್ಲಿ ಮಿರೋಕುವಿನ ವಂಶಕ್ಕೆ ಹಾಕಿದ ಶಾಪ, ಸಾಂಗೋ ಊರಿನ ಹತ್ಯಾಕಾಂಡ, ಅವಳ ತಮ್ಮನ ಕೈಯಿಂದಲೇ ಅಪ್ಪನನ್ನು ಕೊಲ್ಲಿಸಿದ್ದು, ಇದಕ್ಕೆಲ್ಲ ಒಂದು ಪ್ರೇಮವೈಫಲ್ಯ ಉತ್ತರವಾಗುವುದಿಲ್ಲ. ಲೇಖಕಿಯೂ ಕ್ಷಮಿಸುವುದಿಲ್ಲ. ಸತ್ತ ಮೇಲೂ ಕಿಕ್ಯೋ ಇರುವ ಕಡೆ ತನಗೆ ಹೋಗಲಾಗದು ಅಂತ ಅವನೇ ಅಂದುಕೊಂಡು ಕರಗಿ ಹೋಗುತ್ತಾನೆ. ಹೋಗುವಾಗ ಮಣಿಗೆ ಒಂದು ಕೊನೆಯ ಕೋರಿಕೆ ಬಿಟ್ಟು, ಕಾಗೊಮೆಯನ್ನು ಮಣಿಯೊಳಗಿನ ಕತ್ತಲೆಗೆ ತಳ್ಳುತ್ತಾನೆ. ಆ ಕೋರಿಕೆ ಅವನದ್ದೋ ಮಣಿಯದ್ದೋ ಅನ್ನುವ ಅನುಮಾನವನ್ನು ಕಥೆ ಬೇಕಂತಲೇ ಹುಟ್ಟಿಸುತ್ತದೆ. ಮಣಿಗೆ ತನ್ನೊಳಗೆ ಒಬ್ಬ ಕನ್ಯೆಗೂ ರಾಕ್ಷಸರಿಗೂ ನಡೆಯುತ್ತಿರುವ ಜಗಳ ಮುಂದುವರಿಸಲು ಹೊಸ ಜೋಡಿ ಬೇಕಿತ್ತು. ಮಣಿಯೇ ಇಲ್ಲವಾಗಲಿ ಎಂದು ಕಾಗೊಮೆ ಕೋರಿದ್ದರಿಂದ ಅದು ತಪ್ಪಿತು.

ಇನ್ನು ಇದೆಲ್ಲ ಮೊದಲೇ ಯೋಚಿಸಿದ್ದಾ ಅನ್ನುವುದು. ಪ್ರತಿಯೊಂದು ತಿರುವೂ ಅಲ್ಲದೇ ಇರಬಹುದು, ವಾರವಾರ ಬರೆಯುವವರಿಗೆ ಅದು ಆಗದ ಮಾತು. ಆದರೆ ತಳಪಾಯ ಹಳೆಯದು. ಗುಹೆಯಲ್ಲಿದ್ದ ಒನಿಗುಮೊ ಬಗ್ಗೆ ಕಾಯೆದೆ ಬಹಳ ಬೇಗ ಹೇಳುತ್ತಾಳೆ. ಸಾಂಗೋ ಬಂದ ಹೊಸದರಲ್ಲೇ ಮಣಿ ಹುಟ್ಟಿದ ಕಥೆಯೂ ಬರುತ್ತದೆ. ಮಿದೋರಿಕೊ ಅನ್ನುವ ಕನ್ಯೆಯನ್ನು ಸೋಲಿಸಲು ರಾಕ್ಷಸರು ಅವಳನ್ನು ಆಸೆಪಟ್ಟಿದ್ದ ಒಬ್ಬ ಮನುಷ್ಯನ ಮೈ ಹಿಡಿದು ಒಂದಾದರು. ಏಳು ಹಗಲು ಏಳು ರಾತ್ರಿ ಯುದ್ಧ ನಡೆಯಿತು, ಕೊನೆಗೆ ಅವಳ ಎದೆಯಿಂದ ಮಣಿ ಹೊರಬಂತು. ಒನಿಗುಮೊ, ಕಿಕ್ಯೋ ಕಥೆಯೂ ಇದೇ ಅಲ್ವಾ? ಪುಸ್ತಕ ಕೈಯಲ್ಲಿದ್ದರೆ ಈ ಭಾಗ ಓದಿ, ನಡುವಿನದ್ದು ಬಿಟ್ಟು, ಕೂಡಲೇ ಕೊನೆಯ ಸಂಪುಟ ತೆರೆದು ನೋಡಿ.